ರೋಬೋಕಾಲ್ ಮತ್ತು ಫೋನ್ ವಂಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ ಮೋಸ ಹೋದವರ ಸುದ್ದಿ ಬಂದಾಗಲೆಲ್ಲ “ಇಷ್ಟು ಓದಿದವರು ಹೇಗೆ ನಂಬಿದರು?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಂಚಕರು ದಡ್ಡರನ್ನು ಹುಡುಕಿಕೊಂಡು ಹೋಗುವುದಿಲ್ಲ. ಗಾಬರಿಯಾಗಬಲ್ಲವರು, ಎದುರಿನವರ ಮಾತನ್ನು ಅರ್ಧಕ್ಕೆ ತುಂಡರಿಸಲು ಸಂಕೋಚಪಡುವವರು, ಮನೆಯವರ ಮೇಲೆ ಪ್ರೀತಿ ಇರುವವರು ಸಿಕ್ಕರೆ ಅವರಿಗೆ ಸಾಕು. ಅಂದರೆ ನಾವೆಲ್ಲರೂ. ಕೆಳಗಿನ ಉತ್ತರಗಳ ಹಿಂದೆ ಇರುವ ನಿಲುವು ಒಂದೇ: ತಾನು ಯಾರೆಂದು ಸಾಬೀತುಪಡಿಸುವ ಹೊಣೆ ಕರೆ ಮಾಡಿದವರದು, ಕರೆ ಎತ್ತಿಕೊಂಡವರದಲ್ಲ.

ರೋಬೋಕಾಲ್ ಎಂದರೇನು? ಅವೆಲ್ಲವೂ ಮೋಸವೇ?

ಮನುಷ್ಯರ ಬದಲು ಕಂಪ್ಯೂಟರ್ ನಂಬರ್ ಒತ್ತಿ, ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಕೇಳಿಸುವ ಕರೆಗೆ ಈ ಹೆಸರು. ವಿಮಾನ ತಡವಾಗಿದೆ, ನಾಳೆ ಶಾಲೆಗೆ ರಜೆ, ವೈದ್ಯರನ್ನು ಕಾಣುವ ಸಮಯ ಬದಲಾಗಿದೆ ಎಂದು ತಿಳಿಸುವ ಕರೆಗಳೂ ಹೀಗೆಯೇ ಬರುತ್ತವೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಒಪ್ಪಿಗೆ ಪಡೆಯದೆ ಮಾರಾಟಕ್ಕಾಗಿ ಹೀಗೆ ಕರೆ ಮಾಡುವುದಕ್ಕೆ ಮಾತ್ರ ಅನೇಕ ದೇಶಗಳಲ್ಲಿ ಕಾನೂನಿನ ತಡೆ ಇದೆ. ಅಮೆರಿಕದಲ್ಲಿ 1991ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿ ಜಾರಿಯಲ್ಲಿದೆ.

ವಂಚಕರಿಗೆ ರೋಬೋಕಾಲ್ ಒಂದು ಜರಡಿಯಿದ್ದಂತೆ. ಯಂತ್ರ ಲಕ್ಷಾಂತರ ನಂಬರುಗಳಿಗೆ ಕರೆ ಮಾಡುತ್ತದೆ, ಅದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ಹೆಚ್ಚಿನವರು ಕರೆ ಕತ್ತರಿಸುತ್ತಾರೆ. “ವಿವರಕ್ಕಾಗಿ 1 ಒತ್ತಿ” ಎಂದಾಗ ಒತ್ತುವ ಬೆರಳೆಣಿಕೆಯ ಜನರನ್ನು ಮಾತ್ರ ಯಂತ್ರವು ನಿಜವಾದ ವಂಚಕನ ಕಿವಿಗೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಮಾತನಾಡುವವನು ಪಳಗಿದ ಮಾತುಗಾರ.

ನನ್ನ ನಂಬರ್ ಅವರಿಗೆ ಸಿಕ್ಕಿದ್ದಾದರೂ ಹೇಗೆ?

ಎಷ್ಟೋ ಸಲ ಅವರಿಗೆ ಅದು ಸಿಕ್ಕೇ ಇರುವುದಿಲ್ಲ. ಯಂತ್ರ ಒಂದರ ಹಿಂದೊಂದು ಅಂಕಿಗಳನ್ನು ಜೋಡಿಸಿ ಪ್ರಯತ್ನಿಸುತ್ತಾ ಹೋಗುತ್ತದೆ, ನಿಮ್ಮ ಸರದಿ ಬಂದಾಗ ನಿಮ್ಮ ಫೋನ್ ಗುಣುಗುಟ್ಟುತ್ತದೆ. ಉಳಿದಂತೆ ಬಹುಮಾನದ ಆಸೆಗೆ ತುಂಬಿದ ಫಾರಂ, ನಿಮ್ಮ ಸಂಪರ್ಕ ಪಟ್ಟಿಯನ್ನು ಓದಲು ಅನುಮತಿ ಪಡೆದ ಆ್ಯಪ್, ಯಾವುದೋ ಕಂಪನಿಯಿಂದ ಸೋರಿಹೋದ ಗ್ರಾಹಕರ ದಾಖಲೆ, ಹಳೆಯ ಜಾಹೀರಾತಿನಲ್ಲಿ ನೀವೇ ಹಾಕಿದ್ದ ನಂಬರ್, ಹೀಗೆ ಹಲವು ದಾರಿಗಳಿವೆ. ಸೋರಿದ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ.

ಕರೆ ಮಾಡಿದವನಿಗೆ ನಿಮ್ಮ ಹೆಸರು, ವಿಳಾಸ, ಬ್ಯಾಂಕ್, ಕಾರ್ಡಿನ ಕೊನೆಯ ನಾಲ್ಕು ಅಂಕಿ ಗೊತ್ತಿರುವುದು ಹೀಗಾಗಿಯೇ. “ಇಷ್ಟೆಲ್ಲ ಗೊತ್ತಿದೆ ಎಂದರೆ ಬ್ಯಾಂಕಿನವರೇ ಇರಬೇಕು” ಎಂದು ನಾವು ಅಂದುಕೊಳ್ಳಲಿ ಎಂಬುದೇ ಅವನ ಲೆಕ್ಕಾಚಾರ. ನಿಮ್ಮ ವಿವರ ಗೊತ್ತಿರುವುದು ಯಾರ ಗುರುತಿಗೂ ಸಾಕ್ಷಿಯಲ್ಲ.

ಪರದೆಯ ಮೇಲೆ ಬ್ಯಾಂಕಿನ ನಂಬರೇ ಕಾಣಿಸಿತು. ಅದೂ ಸುಳ್ಳಾಗಬಹುದೇ?

ಆಗಬಹುದು. ಈ ಒಂದು ಸಂಗತಿ ಎಲ್ಲರಿಗೂ ಮನದಟ್ಟಾದರೆ ಅರ್ಧ ವಂಚನೆ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೂರವಾಣಿ ಜಾಲ ರೂಪುಗೊಂಡ ಕಾಲದಲ್ಲಿ ಅದರೊಳಗೆ ಇದ್ದದ್ದು ಕೆಲವೇ ದೊಡ್ಡ ಸಂಸ್ಥೆಗಳು. ಕರೆಯ ಜೊತೆಗೆ ಬರುವ ನಂಬರನ್ನು ಒಂದು ಸಂಸ್ಥೆ ಕಳಿಸಿದರೆ ಇನ್ನೊಂದು ಸಂಸ್ಥೆ ಮರುಮಾತಿಲ್ಲದೆ ನಂಬುತ್ತಿತ್ತು. ಮುಂದೆ ಇಂಟರ್ನೆಟ್ ಮೂಲಕ ಕರೆ ಮಾಡುವ ವ್ಯವಸ್ಥೆ ಬಂದ ಮೇಲೆ, ಯಾವ ನಂಬರ್ ಕಾಣಿಸಬೇಕು ಎಂಬುದನ್ನು ಕರೆ ಮಾಡುವವನೇ ತುಂಬಿ ಕಳಿಸುವುದು ಸಾಧ್ಯವಾಯಿತು. ಆಸ್ಪತ್ರೆಯ ಹತ್ತಾರು ಫೋನ್ ಸಾಲುಗಳಿಂದ ಹೋಗುವ ಕರೆಗಳೆಲ್ಲ ಒಂದೇ ಮುಖ್ಯ ನಂಬರಿನಿಂದ ಬಂದಂತೆ ಕಾಣಲಿ ಎಂಬಂಥ ನ್ಯಾಯವಾದ ಅಗತ್ಯಗಳಿಗಾಗಿ ಇದ್ದ ಸೌಲಭ್ಯ ಇದು. ವಂಚಕನೂ ಅದನ್ನೇ ಬಳಸುತ್ತಾನೆ. ಆ ಜಾಗದಲ್ಲಿ ಬ್ಯಾಂಕಿನದೋ ಪೊಲೀಸ್ ಠಾಣೆಯದೋ ನಂಬರ್ ಬರೆಯುತ್ತಾನೆ. ನಿಮ್ಮ ನಂಬರಿನ ಮೊದಲ ಕೆಲವು ಅಂಕಿಗಳನ್ನೇ ಹೋಲುವ ನಂಬರ್ ತೋರಿಸುವುದೂ ಉಂಟು. ಹತ್ತಿರದವರು ಯಾರೋ ಇರಬೇಕೆಂದು ನೀವು ಎತ್ತಿಕೊಳ್ಳುತ್ತೀರಿ.

ಇದಕ್ಕೆ ತಡೆ ಹಾಕಲು ಕೆಲವು ದೇಶಗಳು ಮುಂದಾಗಿವೆ. ಅಮೆರಿಕ ಮತ್ತು ಕೆನಡಾ 2021ರಲ್ಲಿ ಸ್ಟರ್-ಶೇಕನ್ ಎಂಬ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದವು. ಕರೆ ಹೊರಟ ಸಂಸ್ಥೆಯು ಆ ನಂಬರಿಗೆ ಡಿಜಿಟಲ್ ಸಹಿ ಹಾಕುತ್ತದೆ, ತಲುಪಿಸುವ ಸಂಸ್ಥೆ ಆ ಸಹಿಯನ್ನು ಪರೀಕ್ಷಿಸುತ್ತದೆ. ಭಾರತದಲ್ಲಿ, ವಿದೇಶದಿಂದ ಹೊರಟು ದೇಶದೊಳಗಿನ ನಂಬರ್ ತೋರಿಸುತ್ತಾ ಬರುವ ಕರೆಗಳನ್ನು ಗುರುತಿಸಿ ತಡೆಯುವ ವ್ಯವಸ್ಥೆ 2024ರಲ್ಲಿ ಆರಂಭವಾಯಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಸಹಿ ಇದ್ದರೂ ಅದು ಹೇಳುವುದು ನಂಬರ್ ನಿಜ ಎಂದಷ್ಟೇ, ಮಾತನಾಡುತ್ತಿರುವವನು ಪ್ರಾಮಾಣಿಕ ಎಂದಲ್ಲ. ಸುಳ್ಳು ದಾಖಲೆ ಕೊಟ್ಟು ಪಡೆದ ನಿಜವಾದ ಸಿಮ್‌ನಿಂದಲೂ ವಂಚಿಸಬಹುದು.

ಹಾಗಾಗಿ ಬ್ಯಾಂಕಿನಿಂದ ಎಂದು ಕರೆ ಬಂದರೆ ಕತ್ತರಿಸಿ. ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರಿಗೆ ನೀವೇ ಕರೆ ಮಾಡಿ. ಬಂದ ಕರೆಯ ಪಟ್ಟಿಯಿಂದ ಹಾಗೆಯೇ ಮರಳಿ ಒತ್ತಬೇಡಿ, ಕರೆ ಮಾಡಿದವನು ಹೇಳಿದ ನಂಬರ್ ಬೇಡ, ಇಂಟರ್ನೆಟ್ ಹುಡುಕಾಟದಲ್ಲಿ ಮೊದಲು ಕಾಣುವ ನಂಬರ್ ಕೂಡ ಬೇಡ. ವಂಚಕರು ದುಡ್ಡು ಕೊಟ್ಟು ನಕಲಿ ಸಹಾಯವಾಣಿಯ ಜಾಹೀರಾತು ಹಾಕಿರುತ್ತಾರೆ. ಬಂದ ಕರೆ ಸ್ಥಿರ ದೂರವಾಣಿಗೆ ಆಗಿದ್ದರೆ ಬೇರೆ ಫೋನಿನಿಂದ ಮಾಡಿ. ಕೆಲವು ಹಳೆಯ ಜಾಲಗಳಲ್ಲಿ ನೀವು ರಿಸೀವರ್ ಇಟ್ಟರೂ ಆ ಕಡೆಯವನು ಇಡದಿದ್ದರೆ ಸಾಲು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ.

ಯಾರೋ ಕರೆ ಮಾಡಿ “ನೀವೇ ನನಗೆ ಕರೆ ಮಾಡಿ ಬೈದಿರಿ” ಎನ್ನುತ್ತಿದ್ದಾರೆ. ನಾನು ಮಾಡಿಯೇ ಇಲ್ಲ!

ನಿಮ್ಮ ನಂಬರನ್ನು ಯಾರೋ ಮುಖವಾಡವಾಗಿ ಬಳಸಿದ್ದಾರೆ. ನಿಮ್ಮ ಫೋನ್ ಹ್ಯಾಕ್ ಆಗಿದೆ ಎಂದು ಇದರ ಅರ್ಥವಲ್ಲ. ಸಮಾಧಾನದಿಂದ ವಿಷಯ ತಿಳಿಸಿ. ವಂಚಕರು ಮುಖವಾಡ ಬದಲಿಸುತ್ತಲೇ ಇರುವುದರಿಂದ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಮೊಬೈಲ್ ಕಂಪನಿಗೆ ಲಿಖಿತ ದೂರು ಕೊಡಿ.

ಗುರುತಿಲ್ಲದ ನಂಬರ್ ಎತ್ತಲೇಬಾರದೇ?

ಹಾಗೆಂದು ಎಲ್ಲರಿಗೂ ಹೇಳುವುದು ಸರಿಯಲ್ಲ. ಕೆಲಸಕ್ಕೆ ಅರ್ಜಿ ಹಾಕಿದವರು, ಆಸ್ಪತ್ರೆಯಲ್ಲಿ ಯಾರನ್ನೋ ಸೇರಿಸಿರುವವರು, ವ್ಯಾಪಾರ ನಡೆಸುವವರು ಎತ್ತಲೇಬೇಕಾಗುತ್ತದೆ. ಅಂಥ ಅಗತ್ಯ ಇಲ್ಲದಿದ್ದರೆ ಬಿಟ್ಟುಬಿಡಿ. ನಿಜಕ್ಕೂ ಬೇಕಾದವರು ಸಂದೇಶ ಕಳಿಸುತ್ತಾರೆ ಅಥವಾ ಮತ್ತೆ ಮಾಡುತ್ತಾರೆ. ಎತ್ತಿದಾಗ ನಿಮ್ಮ ಹೆಸರು ಹೇಳಬೇಡಿ, “ಯಾರು ಮಾತನಾಡುತ್ತಿರುವುದು?” ಎಂದು ಮೊದಲು ನೀವೇ ಕೇಳಿ. ಆ ಕಡೆ ನಿಶ್ಶಬ್ದವಾಗಿದ್ದರೆ ಕತ್ತರಿಸಿ. ನಂಬರ್ ಚಾಲ್ತಿಯಲ್ಲಿದೆಯೇ ಎಂದು ಯಂತ್ರ ಪರೀಕ್ಷಿಸುತ್ತಿರಬಹುದು.

“ಹೌದು” ಎಂದರೆ ಆ ಧ್ವನಿಯನ್ನು ಮುದ್ರಿಸಿಕೊಂಡು ಖಾತೆ ಖಾಲಿ ಮಾಡುತ್ತಾರೆ ಎಂಬ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಒಂದೇ ಒಂದು ಮಾತಿನಿಂದ ಬ್ಯಾಂಕ್ ಖಾತೆ ತೆರೆಯುವುದಿಲ್ಲ. ಬಾಯಿತಪ್ಪಿ ಹೇಳಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

“ಈ ಕರೆಗಳು ಬೇಡವಾದರೆ 9 ಒತ್ತಿ” ಎನ್ನುತ್ತದೆ. ಒತ್ತಲೇ?

ಬೇಡ. ಒತ್ತಿದರೆ ಈ ನಂಬರಿನಲ್ಲಿ ಒಬ್ಬ ಮನುಷ್ಯರಿದ್ದಾರೆ, ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ ಎಂದು ತಿಳಿಸಿದಂತಾಗುತ್ತದೆ. ಅಂಥ ನಂಬರಿಗೆ ಬೆಲೆ ಹೆಚ್ಚು.

ವಿದೇಶದ ನಂಬರಿನಿಂದ ಒಂದೇ ಒಂದು ರಿಂಗ್ ಬಂದು ನಿಂತಿತು. ಮರಳಿ ಕರೆ ಮಾಡಬಹುದೇ?

ಅಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ ಮಾಡಬೇಡಿ. ಜಪಾನಿನಲ್ಲಿ ಮೊದಲು ಕಾಣಿಸಿಕೊಂಡು ‘ವಾಂಗಿರಿ’ ಎಂಬ ಹೆಸರು ಪಡೆದ ಮೋಸ ಇದು. ಮರಳಿ ಕರೆ ಮಾಡಿದರೆ ನಿಮಿಷಕ್ಕೆ ಭಾರಿ ದರದ ಸಾಲಿಗೆ ಅದು ಹೋಗುತ್ತದೆ, ಅದರಲ್ಲೊಂದು ಪಾಲು ವಂಚಕನಿಗೆ ಸೇರುತ್ತದೆ. ಕಾಯಿಸುವ ಸಂಗೀತ, ಅಳುವ ಮಗು, ಅರ್ಥವಾಗದ ಮಾತು, ನಿಮ್ಮನ್ನು ಹಿಡಿದಿಡಲು ಏನು ಬೇಕಾದರೂ ಕೇಳಿಸಬಹುದು.

ವಂಚನೆಯ ಕರೆ ಎಂದು ಮಾತಿನ ನಡುವೆಯೇ ಗುರುತಿಸುವುದು ಹೇಗೆ?

ಕಥೆಯನ್ನು ಗಮನಿಸಬೇಡಿ. ಕಥೆಗಳು ದಿನಕ್ಕೊಂದು ಬಗೆ: ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ತೆರಿಗೆ ಬಾಕಿ ಇದೆ, ಇಂದು ರಾತ್ರಿ ವಿದ್ಯುತ್ ಕಡಿತವಾಗುತ್ತದೆ, ಖಾತೆ ಸ್ಥಗಿತವಾಗಿದೆ, ಲಾಟರಿ ಬಂದಿದೆ, ಕುಳಿತಲ್ಲೇ ಕೆಲಸ ಇದೆ. ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡರೂ ನಾಳೆ ಹೊಸದೊಂದು ಬರುತ್ತದೆ. ನಾನು ಹೇಳುವುದು, ಆ ಕಥೆ ನಿಮ್ಮಿಂದ ಏನು ಮಾಡಿಸಲು ಹೊರಟಿದೆ ಎಂಬುದನ್ನು ನೋಡಿ ಎಂದು.

ಮೊದಲು ಆತುರ. ಈಗಲೇ, ಹತ್ತು ನಿಮಿಷದೊಳಗೆ, ಇಲ್ಲವಾದರೆ ಅನಾಹುತ. ಯೋಚನೆಗೆ ಬಿಡುವು ಸಿಕ್ಕರೆ ಕಥೆ ನಿಲ್ಲುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಎರಡನೆಯದು ಗುಟ್ಟು: “ಯಾರಿಗೂ ಹೇಳಬೇಡಿ, ತನಿಖೆಗೆ ಅಡ್ಡಿಯಾಗುತ್ತದೆ”, “ಬ್ಯಾಂಕಿನ ಸಿಬ್ಬಂದಿಯೇ ಶಾಮೀಲಾಗಿದ್ದಾರೆ, ಅವರು ಕೇಳಿದರೆ ಮನೆಗೆ ಖರ್ಚಿಗೆಂದು ಹೇಳಿ.” ನಿಮಗೆ ಸುಳ್ಳು ಹೇಳಲು ಕಲಿಸುವ ಯಾವ ಅಧಿಕಾರಿಯೂ ಅಧಿಕಾರಿಯಲ್ಲ. ಹಾಗೆಯೇ ಕರೆ ಕತ್ತರಿಸಲು ಬಿಡದಿರುವುದು. ನಿಜವಾದ ಬ್ಯಾಂಕಿನವರಿಗೆ “ನಾನೇ ಶಾಖೆಗೆ ಬರುತ್ತೇನೆ” ಎಂದರೆ ಸರಿ ಎನ್ನುತ್ತಾರೆ. ವಂಚಕ ದನಿ ಏರಿಸುತ್ತಾನೆ. ಕೊನೆಗೆ ಹಣ ಕೇಳುವ ದಾರಿ. ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆ ಓದಿ ಹೇಳಿ, ಕ್ರಿಪ್ಟೊ ಕರೆನ್ಸಿಗೆ ಬದಲಿಸಿ, ‘ಸುರಕ್ಷಿತ ಖಾತೆ’ಗೆ ವರ್ಗಾಯಿಸಿ, ಮನೆ ಬಾಗಿಲಿಗೆ ಬರುವವರ ಕೈಗೆ ನಗದು ಕೊಡಿ. ದಂಡ, ತೆರಿಗೆ, ಜಾಮೀನನ್ನು ಗಿಫ್ಟ್ ಕಾರ್ಡಿನಲ್ಲಿ ಕಟ್ಟಿಸಿಕೊಳ್ಳುವ ಸರ್ಕಾರ ಎಲ್ಲಿಯೂ ಇಲ್ಲ.

ಹೆದರಿಸದ ವಂಚನೆಯೂ ಇದೆ ಎಂಬುದನ್ನು ಮರೆಯಬಾರದು. ‘ತಪ್ಪು ನಂಬರ್’ ಎಂದು ಶುರುವಾಗಿ ವಾರಗಟ್ಟಲೆ ಸ್ನೇಹದಿಂದ ಮಾತನಾಡಿ, ನಿಮ್ಮ ಕಷ್ಟಸುಖ ವಿಚಾರಿಸಿ, ಕೊನೆಗೊಂದು ದಿನ ಹೂಡಿಕೆಯ ವಿಷಯ ಎತ್ತುತ್ತಾರೆ. ಇಲ್ಲಿ ಆತುರ ಇರುವುದಿಲ್ಲವಾದ್ದರಿಂದ ಅನುಮಾನ ಹುಟ್ಟುವುದು ಕಷ್ಟ. ಮುಖ ನೋಡಿರದವರು ಹೂಡಿಕೆಯ ಮಾತೆತ್ತಿದ ದಿನವೇ ಆ ಸಂಬಂಧ ಮುಗಿಯಿತೆಂದು ತಿಳಿಯಿರಿ.

ಪೊಲೀಸರು ವಿಡಿಯೊ ಕರೆಯಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎಂದರೆ?

ಹಾಗೊಂದು ಬಂಧನ ಕಾನೂನಿನಲ್ಲಿ ಇಲ್ಲ. ಭಾರತದಲ್ಲಿ ಈ ಹೆಸರಿನ ವಂಚನೆ ಎಷ್ಟು ಹಬ್ಬಿತೆಂದರೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಜನರನ್ನು ಎಚ್ಚರಿಸಿದರು. ಸಮವಸ್ತ್ರ, ಹಿಂದೆ ಲಾಂಛನವಿರುವ ಗೋಡೆ, ವೈರ್‌ಲೆಸ್ ಸದ್ದು, ಮೊಹರು ಇರುವ ವಾರಂಟ್, ನಕಲಿ ನ್ಯಾಯಾಲಯದ ಕಲಾಪ ಕೂಡ ತೋರಿಸುತ್ತಾರೆ. ಕ್ಯಾಮೆರಾ ಆಫ್ ಮಾಡಬಾರದು, ಕೋಣೆಯಿಂದ ಹೊರಗೆ ಹೋಗಬಾರದು, ಯಾರ ಜೊತೆಯೂ ಮಾತನಾಡಬಾರದು ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂರಿಸುತ್ತಾರೆ. ನಿದ್ದೆ, ಊಟ ಇಲ್ಲದೆ ಒಂಟಿಯಾದ ಮನಸ್ಸು ಎಂಥವರದ್ದಾದರೂ ಸೋಲುತ್ತದೆ. ಇದನ್ನು ಅನುಭವಿಸಿದವರನ್ನು ಹಗುರವಾಗಿ ಕಾಣುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಲ್ಲಿ ಬಾಗಿಲಿಗೆ ಬೀಗ ಹಾಕಿರುವವರು ಯಾರೂ ಇಲ್ಲ. ಪರದೆಯಲ್ಲಿರುವ ಕೆಂಪು ಗುಂಡಿ ಒತ್ತಿದರೆ ‘ಬಂಧನ’ ಮುಗಿಯುತ್ತದೆ. ಒತ್ತಿ, ಪಕ್ಕದ ಮನೆಯ ಬಾಗಿಲು ತಟ್ಟಿ, ಯಾರಿಗಾದರೂ ಜೋರಾಗಿ ವಿಷಯ ಹೇಳಿ. ಬೇರೆ ನಂಬರಿನಿಂದ ಮತ್ತೆ ಮತ್ತೆ ಕರೆ ಬರುತ್ತದೆ, ನಿಮ್ಮ ಮನೆಯ ಮುಂದೆಯೇ ಇದ್ದೇವೆ ಎನ್ನುತ್ತಾರೆ. ಫೋನ್ ಆಫ್ ಮಾಡಿ ಹತ್ತಿರದ ಠಾಣೆಗೆ ನೀವೇ ಹೋಗಿ.

ಒಟಿಪಿ ಕೊಡಬಾರದು ಎಂದು ಎಲ್ಲರಿಗೂ ಗೊತ್ತಲ್ಲ. ಆದರೂ ಜನ ಹೇಗೆ ಕೊಡುತ್ತಾರೆ?

ಯಾರೂ “ನಿಮ್ಮ ಒಟಿಪಿ ಕೊಡಿ, ಹಣ ತೆಗೆಯಬೇಕು” ಎನ್ನುವುದಿಲ್ಲವಲ್ಲ! “ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ಅದನ್ನು ರದ್ದು ಮಾಡಲು ಒಂದು ಸಂಖ್ಯೆ ಬಂದಿದೆ, ಹೇಳಿ” ಎನ್ನುತ್ತಾರೆ. ಆ ಕ್ಷಣದಲ್ಲೇ ಫೋನಿಗೆ ಬ್ಯಾಂಕಿನ ನಿಜವಾದ ಸಂದೇಶ ಬರುತ್ತದೆ. ಅದನ್ನು ಬರುವಂತೆ ಮಾಡಿದವನು ಅವನೇ. ಸಂದೇಶವನ್ನು ಪೂರ್ತಿ ಓದಿದರೆ ಇಂತಿಷ್ಟು ಮೊತ್ತದ ಪಾವತಿಗೆ ಎಂದು ಅದರಲ್ಲೇ ಬರೆದಿರುತ್ತದೆ. ಗಾಬರಿಯಲ್ಲಿ ಕಣ್ಣು ಅಂಕಿಗಳ ಮೇಲಷ್ಟೇ ನಿಲ್ಲುತ್ತದೆ.

ಇನ್ನೂ ಎರಡು ಬಗೆಗಳಿವೆ. ಪರಿಚಿತರ ಹೆಸರು ಹೇಳಿ “ಅವರ ಕರೆ ಬರುತ್ತಿದೆ, ಒಟ್ಟಿಗೆ ಸೇರಿಸಿ” ಎನ್ನುತ್ತಾರೆ. ಸೇರಿಸಿದ ಆ ಕರೆ ಒಟಿಪಿಯನ್ನು ಓದಿ ಹೇಳುವ ಬ್ಯಾಂಕಿನ ಯಂತ್ರದ್ದು, ವಂಚಕ ಅದನ್ನು ನೇರವಾಗಿ ಕೇಳಿಸಿಕೊಳ್ಳುತ್ತಾನೆ. ಮತ್ತೊಂದರಲ್ಲಿ ನಿಮಗೆ ಹಣ ಕಳಿಸುತ್ತೇನೆಂದು ಹೇಳಿ ಕ್ಯುಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿಸುತ್ತಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದಿರಿ ಎಂದರೆ ಹಣ ಹೊರಗೆ ಹೋಗುತ್ತಿದೆ.

“ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ಆ್ಯಪ್ ಹಾಕಿಕೊಳ್ಳಿ” ಎಂದರು. ಹಾಕಿಕೊಂಡೆ.

ತಕ್ಷಣ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ. ಅದು ನಿಮ್ಮ ಪರದೆಯನ್ನು ದೂರದಲ್ಲಿರುವವನಿಗೆ ತೋರಿಸುವ ಆ್ಯಪ್ ಆಗಿರಬಹುದು. ಹಾಗಿದ್ದರೆ ನೀವು ಒಟಿಪಿ ಹೇಳಬೇಕಾದ ಅಗತ್ಯವೂ ಅವನಿಗಿಲ್ಲ, ಕಣ್ಣಾರೆ ಓದಿಕೊಳ್ಳುತ್ತಾನೆ. ಆ್ಯಪ್ ತೆಗೆದುಹಾಕಿ, ಬೇರೊಂದು ಫೋನಿನಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಸಂದೇಶದಲ್ಲಿ ಬಂದ ಎಪಿಕೆ ಕಡತದಿಂದ (ಆ್ಯಪ್ ಅಂಗಡಿಯ ಹೊರಗಿನಿಂದ ನೇರವಾಗಿ ಆ್ಯಪ್ ಹಾಕಿಸುವ ಕಡತ) ಹಾಕಿಕೊಂಡಿದ್ದರೆ ತೆಗೆದುಹಾಕುವುದಷ್ಟೇ ಸಾಲದು. ಫೋಟೊ ಮತ್ತು ಸಂಪರ್ಕಗಳನ್ನು ಉಳಿಸಿಕೊಂಡು ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಸಿದ್ಧಪಡಿಸುವುದೇ ಸುರಕ್ಷಿತ. ಯಾವ ಸಾಫ್ಟ್‌ವೇರ್ ಕಂಪನಿಯೂ ನಿಮ್ಮ ಯಂತ್ರದ ವೈರಸ್ ಪತ್ತೆಮಾಡಿ ತಾನಾಗಿ ಫೋನ್ ಮಾಡುವುದಿಲ್ಲ.

ಮಗಳ ಧ್ವನಿಯಲ್ಲೇ ಅಳುತ್ತಾ ಕರೆ ಬಂತು. ಧ್ವನಿಯನ್ನೂ ನಕಲು ಮಾಡಬಹುದೇ?

ಮಾಡಬಹುದು, ಅದಕ್ಕೆ ಸಾಮಾಜಿಕ ಜಾಲತಾಣದಲ್ಲಿರುವ ಚಿಕ್ಕದೊಂದು ವಿಡಿಯೊ ಸಾಕಾಗುತ್ತದೆ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಧ್ಯಕ್ಷ ಬೈಡನ್ ಅವರ ನಕಲಿ ಧ್ವನಿಯಲ್ಲಿ, ಮತ ಹಾಕಬೇಡಿ ಎನ್ನುವ ರೋಬೋಕಾಲ್‌ಗಳು ಮತದಾರರಿಗೆ ಹೋದವು. ಮರುತಿಂಗಳೇ ಅಲ್ಲಿನ ಸಂವಹನ ಆಯೋಗವು ಕೃತಕ ಬುದ್ಧಿಮತ್ತೆಯ ಧ್ವನಿಗೂ ರೋಬೋಕಾಲ್ ಕಾನೂನು ಅನ್ವಯಿಸುತ್ತದೆ ಎಂದು ಸಾರಿತು. ಆದರೆ ಮನೆಯ ಫೋನಿಗೆ ಬರುವ ಅಳು ಕಾನೂನಿಗೆ ಕಾಯುವುದಿಲ್ಲ.

ಅಪಘಾತವಾಗಿದೆ, ಪೊಲೀಸರು ಹಿಡಿದಿದ್ದಾರೆ, ಕೂಡಲೇ ಹಣ ಬೇಕು ಎನ್ನುವ ಈ ಕರೆಯಲ್ಲಿ ಮಗಳ ಧ್ವನಿ ಕೇಳಿಸುವುದು ಕೆಲವೇ ಕ್ಷಣ. ಆಮೇಲೆ ‘ವಕೀಲರು’ ಅಥವಾ ‘ಅಧಿಕಾರಿ’ ಮಾತು ಮುಂದುವರಿಸುತ್ತಾರೆ. ಕತ್ತರಿಸಿ ಮಗಳ ನಂಬರಿಗೆ ಕರೆ ಮಾಡಿ. ಎತ್ತದಿದ್ದರೆ ಅವಳ ಗೆಳತಿಗೆ, ಕಚೇರಿಗೆ, ಜೊತೆಯಲ್ಲಿರಬಹುದಾದ ಯಾರಿಗಾದರೂ ಮಾಡಿ. ಮನೆಯವರೆಲ್ಲ ಕುಳಿತು ಒಂದು ಗುಟ್ಟಿನ ಪದವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜಾಲತಾಣಗಳಲ್ಲಿ ಎಲ್ಲಿಯೂ ಇಲ್ಲದ, ಹುಟ್ಟುಹಬ್ಬಕ್ಕಾಗಲಿ ಸಾಕುಪ್ರಾಣಿಯ ಹೆಸರಿಗಾಗಲಿ ಸಂಬಂಧವಿಲ್ಲದ ಪದ ಇರಲಿ. ಪದ ಮರೆತುಹೋಗಿದ್ದರೆ ಮನೆಯವರಿಗಷ್ಟೇ ಗೊತ್ತಿರುವ ಪ್ರಶ್ನೆ ಕೇಳಿ. ಕಷ್ಟದಲ್ಲಿರುವ ಮಗಳು ಅದಕ್ಕಾಗಿ ಬೇಸರಪಡುವುದಿಲ್ಲ.

ಯಾವುದೋ ಕೋಡ್ ಒತ್ತಲು ಹೇಳಿದರು, ಒತ್ತಿದ ಮೇಲೆ ನನಗೆ ಕರೆಗಳೇ ಬರುತ್ತಿಲ್ಲ.

ನಿಮ್ಮ ಕರೆಗಳನ್ನು ಅವರ ನಂಬರಿಗೆ ತಿರುಗಿಸಿಕೊಂಡಿದ್ದಾರೆ. ಕರೆಯ ಮೂಲಕ ಬರುವ ಒಟಿಪಿ ಈಗ ಅವರಿಗೆ ಕೇಳಿಸುತ್ತದೆ. ##002# ಒತ್ತಿ ಕರೆ ಮಾಡಿದರೆ ಬಹುತೇಕ ಜಾಲಗಳಲ್ಲಿ ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ. *#21# ಒತ್ತಿದರೆ ಈಗಿನ ಸ್ಥಿತಿ ತಿಳಿಯುತ್ತದೆ. ಇದರಿಂದ ಆಗದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ ಅಥವಾ ಮೊಬೈಲ್ ಕಂಪನಿಗೆ ಹೇಳಿ. ಇದೇ ಕಾರಣಕ್ಕೆ ಭಾರತದಲ್ಲಿ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸುವಂತೆ ಸರ್ಕಾರ ಸೂಚಿಸಿತು.

ಇದ್ದಕ್ಕಿದ್ದಂತೆ ಸಿಗ್ನಲ್ ಪೂರ್ತಿ ಹೋಗಿ ಬಹಳ ಹೊತ್ತಾದರೂ ಬರದಿದ್ದರೆ ಅದು ಬೇರೆ ಅಪಾಯ. ನಿಮ್ಮ ಹೆಸರಿನಲ್ಲಿ ಯಾರೋ ಹೊಸ ಸಿಮ್ ಪಡೆದಿರಬಹುದು. ಬೇರೆ ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ಕೂಡಲೇ ತಿಳಿಸಿ.

ಕರೆ ತಡೆಯುವ ಆ್ಯಪ್, ಬ್ಲಾಕ್ ಪಟ್ಟಿ, ಮಾರಾಟದ ಕರೆ ಬೇಡವೆನ್ನುವ ಡಿಎನ್‌ಡಿ ನೋಂದಣಿಯಿಂದ ಪ್ರಯೋಜನ ಇದೆಯೇ?

ಇದೆ, ಆದರೆ ಮಿತಿಯೊಳಗೆ. ಭಾರತದಲ್ಲಿ 1909 ಎಂಬ ನಂಬರಿನ ಮೂಲಕ, ಅಮೆರಿಕದಲ್ಲಿ 2003ರಿಂದ ಇರುವ ರಾಷ್ಟ್ರೀಯ ನೋಂದಣಿಯಲ್ಲಿ ನಿಮ್ಮ ನಂಬರ್ ಸೇರಿಸಿದರೆ ಕಾನೂನು ಪಾಲಿಸುವ ಮಾರಾಟಗಾರರು ಕರೆ ಮಾಡುವುದಿಲ್ಲ. ಕಾನೂನು ಮುರಿಯುವುದೇ ಕಸುಬಾದವನು ಆ ಪಟ್ಟಿಯತ್ತ ತಿರುಗಿಯೂ ನೋಡುವುದಿಲ್ಲ. ಒಂದೊಂದೇ ನಂಬರನ್ನು ಬ್ಲಾಕ್ ಮಾಡುವುದರಿಂದಲೂ ಹೆಚ್ಚೇನೂ ಆಗದು, ನಾಳೆ ಬೇರೆ ನಂಬರ್ ಬರುತ್ತದೆ. ಫೋನಿನಲ್ಲೇ ಇರುವ ಸ್ಪ್ಯಾಮ್ ಎಚ್ಚರಿಕೆ ಮತ್ತು ಗುರುತಿಲ್ಲದ ಕರೆಗಳನ್ನು ಸದ್ದಿಲ್ಲದೆ ಬದಿಗಿಡುವ ಸೌಲಭ್ಯ ಹೆಚ್ಚು ಉಪಯುಕ್ತ; ಐಫೋನಿನಲ್ಲಿ ಇದು 2019ರಿಂದ ಇದೆ. ಹೊರಗಿನ ಆ್ಯಪ್ ಹಾಕಿಕೊಳ್ಳುವ ಮುನ್ನ ಅದು ನಿಮ್ಮ ಸಂಪರ್ಕ ಪಟ್ಟಿಯನ್ನೆಲ್ಲ ಕೇಳುತ್ತದೆಯೇ ಎಂದು ನೋಡಿ. ಕೊಟ್ಟರೆ ನಿಮ್ಮದಷ್ಟೇ ಅಲ್ಲ, ನಿಮ್ಮ ಬಂಧುಮಿತ್ರರ ನಂಬರುಗಳನ್ನೂ ಅವರನ್ನು ಕೇಳದೆ ಕೊಟ್ಟಂತೆ.

ಹಣ ಹೋಗಿಬಿಟ್ಟಿದೆ. ಈಗ ಏನು ಮಾಡಲಿ?

ಓದುವುದನ್ನು ನಿಲ್ಲಿಸಿ ಮೊದಲು ಬ್ಯಾಂಕಿಗೆ ಕರೆ ಮಾಡಿ, ವಹಿವಾಟು ತಡೆಹಿಡಿದು ಕಾರ್ಡ್ ಮತ್ತು ಖಾತೆ ಸ್ಥಗಿತಗೊಳಿಸಲು ಹೇಳಿ. ಭಾರತದಲ್ಲಿದ್ದರೆ ಅದರ ಬೆನ್ನಿಗೇ 1930 ಸಹಾಯವಾಣಿ. ಬ್ರಿಟನ್ನಿನಲ್ಲಿ 159 ಒತ್ತಿದರೆ ನಿಮ್ಮ ಬ್ಯಾಂಕಿಗೇ ಸುರಕ್ಷಿತವಾಗಿ ಸಂಪರ್ಕ ಸಿಗುತ್ತದೆ. ಬೇರೆಡೆ ಇದ್ದರೆ ಬ್ಯಾಂಕಿನ ತುರ್ತು ನಂಬರ್ ಮತ್ತು ಪೊಲೀಸರು.

ಇಷ್ಟು ಅವಸರ ಏಕೆಂದರೆ, ಹೋದ ಹಣ ನೇರವಾಗಿ ವಂಚಕನ ಜೇಬಿಗೆ ಹೋಗುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳ ಮೂಲಕ, ಒಂದರಿಂದ ಹತ್ತಕ್ಕೆ ಚೂರುಚೂರಾಗಿ ಹರಿದು, ಕೊನೆಗೆ ನಗದೋ ಕ್ರಿಪ್ಟೊವೋ ಆಗಿ ಹೊರಬೀಳುತ್ತದೆ. ಆ ದಾರಿಯ ನಡುವೆ ಎಲ್ಲಾದರೂ ಖಾತೆಯನ್ನು ಸ್ಥಗಿತಗೊಳಿಸಿದರೆ ಅಲ್ಲಿ ಉಳಿದಿರುವಷ್ಟು ನಿಲ್ಲುತ್ತದೆ. ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟ ದೂರಿಗೂ ಮರುದಿನ ಕೊಟ್ಟ ದೂರಿಗೂ ಇರುವ ವ್ಯತ್ಯಾಸ ಇದೇ.

ಕರೆಯ ದಾಖಲೆ, ಸಂದೇಶ, ವಹಿವಾಟಿನ ಸಂಖ್ಯೆ, ಅವರು ಕೊಟ್ಟ ಖಾತೆಯ ವಿವರ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಚಿಕೆಯಿಂದ ಸಂಭಾಷಣೆ ಅಳಿಸಬೇಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಬ್ಯಾಂಕಿಗೆ ಲಿಖಿತವಾಗಿಯೂ ಕೊಡಿ. ಹಣ ಮರಳುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಭಾರತದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಒಟಿಪಿಯನ್ನು ನೀವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ಆಗಿದ್ದರೆ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಶೂನ್ಯ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್‌ನಿಂದ, ವಂಚಕನ ಮಾತು ನಂಬಿ ಗ್ರಾಹಕರೇ ಕಳಿಸಿದ ಹಣವನ್ನೂ ಒಂದು ಮಿತಿಯವರೆಗೆ ಬ್ಯಾಂಕುಗಳು ತುಂಬಿಕೊಡಬೇಕೆಂಬ ನಿಯಮ ಬಂದಿದೆ. ಬೇರೆ ದೇಶಗಳೂ ಇದೇ ದಾರಿ ಹಿಡಿಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

“ನೀವು ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ” ಎಂದು ವಕೀಲರೊಬ್ಬರು ಕರೆ ಮಾಡಿದ್ದಾರೆ.

ಶುಲ್ಕ ಮೊದಲು ಕೇಳಿದರೆ ಅವರು ಅದೇ ಗುಂಪಿನವರು ಅಥವಾ ಅವರಿಂದ ಪಟ್ಟಿ ಕೊಂಡವರು. ಒಮ್ಮೆ ನಂಬಿದವರ ಹೆಸರುಗಳ ಪಟ್ಟಿಗೂ ಬೇಡಿಕೆ ಇದೆ. ಗಾಯದ ಮೇಲೆ ಬರೆ ಎಳೆಸಿಕೊಳ್ಳಬೇಡಿ.

ವಂಚಕನನ್ನು ಮಾತಿನಲ್ಲೇ ಆಟ ಆಡಿಸಿ ಅವನ ಹೊತ್ತು ಹಾಳುಮಾಡಬಹುದೇ?

ಬೇಡ. ನಿಮ್ಮ ನಂಬರ್, ವಿಳಾಸ ಅವನ ಬಳಿ ಇರುತ್ತದೆ, ಸಿಟ್ಟಿಗೆದ್ದು ದಿನವಿಡೀ ಕಾಡಬಹುದು. ಮಾತು ಬೆಳೆದಷ್ಟೂ ನಿಮಗೇ ಅರಿವಿಲ್ಲದೆ ವಿವರಗಳು ಹೊರಬೀಳುತ್ತವೆ.

ಇನ್ನೊಂದು ಕಾರಣವೂ ಇದೆ. ಆ ಕಡೆ ಕುಳಿತವರೆಲ್ಲ ತಾವಾಗಿ ಬಂದವರಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲವಂತದಿಂದ ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತು. ಒಳ್ಳೆಯ ಕೆಲಸದ ಆಮಿಷಕ್ಕೆ ಹೋಗಿ ಪಾಸ್‌ಪೋರ್ಟ್ ಕಳೆದುಕೊಂಡು, ಹೊಡೆತ ತಿಂದು ಮಾತನಾಡುತ್ತಿರುವವರು ಅವರಲ್ಲಿದ್ದಾರೆ. ಕತ್ತರಿಸಿ, ದೂರು ಕೊಡಿ, ಅಷ್ಟು ಸಾಕು. ಹಣ ಹೋಗದಿದ್ದರೂ ದೂರು ಕೊಡಬಹುದು: ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗ ಅದಕ್ಕೆಂದೇ 2024ರಲ್ಲಿ ಬಂದಿದೆ, ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮಾನದ ಸಂದೇಶಗಳನ್ನು 7726ಕ್ಕೆ ಕಳಿಸಬಹುದು.

ವಯಸ್ಸಾದ ತಂದೆ ತಾಯಿಗೆ ಹೇಗೆ ಹೇಳುವುದು? ಹೇಳಿದರೆ “ನಮಗೆ ಅಷ್ಟೂ ತಿಳಿಯದೇ?” ಎನ್ನುತ್ತಾರೆ.

ಪಾಠ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. “ನನಗೂ ಇಂಥದೊಂದು ಕರೆ ಬರಬಹುದು, ಬಂದರೆ ನಿಮ್ಮನ್ನು ಕೇಳದೆ ಹಣ ಕಳಿಸುವುದಿಲ್ಲ, ನೀವೂ ನನ್ನನ್ನು ಕೇಳಿ” ಎಂದು ಎರಡೂ ಕಡೆಯ ಒಪ್ಪಂದ ಮಾಡಿಕೊಳ್ಳಿ. ದಿನದ ವರ್ಗಾವಣೆಯ ಮಿತಿಯನ್ನು ಬ್ಯಾಂಕಿನಲ್ಲಿ ಕಡಿಮೆ ಮಾಡಿಸಿ. ದೊಡ್ಡ ಠೇವಣಿ ಇರುವ ಖಾತೆಯನ್ನು ಫೋನಿನ ಪಾವತಿಗೆ ಜೋಡಿಸಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ಮೋಸ ಹೋದರೆ ಮನೆಯಲ್ಲಿ ಬೈಗುಳ ಸಿಗುವುದಿಲ್ಲ ಎಂಬ ಭರವಸೆ ಅವರಿಗೆ ಇರಬೇಕು. ಮಕ್ಕಳಿಗೆ ಹೆದರಿ ಎರಡು ದಿನ ಬಾಯಿ ಬಿಡದ ಹಿರಿಯರ ಹಣ ಆ ಎರಡು ದಿನಗಳಲ್ಲೇ ಕೈಗೆ ಸಿಗದಂತಾಗುತ್ತದೆ.

ಮನೆಯವರು ಈಗಲೂ ಆ ಕರೆಯಲ್ಲಿದ್ದಾರೆ, ನನ್ನ ಮಾತು ಕೇಳುತ್ತಿಲ್ಲ.

ವಾದಕ್ಕೆ ಇಳಿಯಬೇಡಿ, ಮನೆಯವರು ಅಡ್ಡ ಬರುತ್ತಾರೆಂದು ವಂಚಕ ಮೊದಲೇ ಹೇಳಿಕೊಟ್ಟಿರುತ್ತಾನೆ. “ಕಳಿಸೋಣ, ಆದರೆ ಬ್ಯಾಂಕಿಗೆ ಹೋಗಿಯೇ ಕಳಿಸೋಣ” ಎಂದು ಜೊತೆಗೆ ನಡೆಯಿರಿ. ಶಾಖೆಯ ವ್ಯವಸ್ಥಾಪಕರೋ ಠಾಣೆಯ ಸಿಬ್ಬಂದಿಯೋ ಎದುರಾ ಎದುರು ಹೇಳಿದಾಗ ಕೇಳುವ ಸಾಧ್ಯತೆ ಹೆಚ್ಚು. ಅಷ್ಟರೊಳಗೆ ನೀವು ಬೇರೆ ಫೋನಿನಿಂದ ಬ್ಯಾಂಕಿಗೆ ವಿಷಯ ಮುಟ್ಟಿಸಿ.

ಹಳೆಯ ನಂಬರನ್ನು ಬಿಟ್ಟುಬಿಡುತ್ತಿದ್ದೇನೆ. ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಬಿಟ್ಟ ನಂಬರನ್ನು ಮೊಬೈಲ್ ಕಂಪನಿಗಳು ಕೆಲವು ತಿಂಗಳ ನಂತರ ಇನ್ನೊಬ್ಬರಿಗೆ ಕೊಡುತ್ತವೆ. ನಿಮ್ಮ ಬ್ಯಾಂಕ್, ಇಮೇಲ್, ವಾಟ್ಸ್‌ಆ್ಯಪ್, ಸರ್ಕಾರಿ ಗುರುತಿನ ದಾಖಲೆಗಳು ಇನ್ನೂ ಅದಕ್ಕೇ ಜೋಡಿಸಿಕೊಂಡಿದ್ದರೆ ಒಟಿಪಿಗಳೆಲ್ಲ ಆ ಹೊಸಬರ ಫೋನಿಗೆ ಹೋಗುತ್ತವೆ. ಎಲ್ಲ ಕಡೆ ಹೊಸ ನಂಬರ್ ದಾಖಲಾಗಿ, ಅದಕ್ಕೆ ಸಂದೇಶ ಬರುತ್ತಿರುವುದನ್ನು ಒಮ್ಮೆ ಖಚಿತಪಡಿಸಿಕೊಂಡ ಮೇಲೆಯೇ ಹಳೆಯದನ್ನು ಬಿಡಿ.